ಬೇಳೆ ಬೆಂದರೆ ಸಾಕೇ?

ಕೊಪ್ಪಳ ಜಿಲ್ಲೆಯ ಅಳವಂಡಿ, ಕವಲೂರು, ಬೆಟಗೇರಿಯ ಈ ಎರೆ ಸೀಮೆಯಲ್ಲಿ ಹೊಸ ಬೋರಿಗೆ ನೀರು ಬಿದ್ದರೆ ಅದರ ಮೊದಲ ಪರೀಕ್ಷೆ ಅಡುಗೆಮನೆಯಲ್ಲೇ ನಡೆಯುತ್ತದೆ. ಒಂದು ತಂಬಿಗೆ ನೀರು ತಂದು ಬಾಯಿಗೆ ಹಾಕಿ ನೋಡುತ್ತಾರೆ: ಸವಳೋ, ಸಪ್ಪಗಿದೆಯೋ, ಸಿಹಿಯೋ. ಆಮೇಲೆ ಒಲೆಯ ಮೇಲೆ ತೊಗರಿಬೇಳೆ ಏರುತ್ತದೆ. ಬೇಗ ಕರಗಿ ಹಿಟ್ಟಾದರೆ ನೀರು ಪಾಸು. ಎಷ್ಟು ಕುದಿಸಿದರೂ ಬೇಳೆ ಬೇಳೆಯಾಗಿಯೇ ನಿಂತರೆ, "ಈ ನೀರಿಗೆ ಬ್ಯಾಳಿ ಬೇಯಂಗಿಲ್ಲ ಬಿಡ್ರಿ" ಎಂದು ತೀರ್ಪು ಹೊರಬೀಳುತ್ತದೆ. ಆ ತೀರ್ಪಿಗೆ ಮೇಲ್ಮನವಿ ಇಲ್ಲ.

ಈ ಪರೀಕ್ಷೆಯನ್ನು ಹಗುರವಾಗಿ ಕಾಣಬೇಡಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಬೇಳೆಯ ಜೀವಕೋಶಗಳ ಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟು ಇರುತ್ತದೆ. ಕ್ಯಾಲ್ಸಿಯಂ ಅದನ್ನು ಬಿಗಿದು ಹಿಡಿಯುತ್ತದೆ, ಗೋಡೆ ಒಡೆಯುವುದಿಲ್ಲ, ಬೇಳೆ ಕರಗುವುದಿಲ್ಲ. ಸೋಪು ನೊರೆ ಬಿಡದಿರುವುದಕ್ಕೂ ಇದೇ ಕಾರಣ. ರಸಾಯನಶಾಸ್ತ್ರದ ಪುಸ್ತಕ ತೆರೆಯದೆ ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ನೀರಿನ ಗಡಸುತನ ಅಳೆಯುತ್ತ ಬಂದಿದ್ದಾರೆ.

ತೊಂದರೆ ಇರುವುದು ಬೇರೆ ಕಡೆ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಪಾದರಸ, ಯುರೇನಿಯಂ, ಇವು ನೀರಿನಲ್ಲಿ ಕರಗಿದ್ದರೆ ನಾಲಿಗೆಗೆ ತಿಳಿಯುವುದಿಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ. ಬೇಳೆಯೂ ಬೆಣ್ಣೆಯ ಹಾಗೆ ಬೇಯಬಹುದು. ಇವುಗಳನ್ನು ಒಟ್ಟಾಗಿ ಭಾರಲೋಹಗಳು ಎನ್ನುತ್ತೇವೆ. ಆರ್ಸೆನಿಕ್ ನಿಜವಾಗಿ ಅರೆಲೋಹ. ಆದರೆ ಮಾಡುವ ಕೆಡುಕಿನಲ್ಲಿ ಅದಕ್ಕೆ ಆ ಪಂಗಡದ ಹಿರಿತನ ಕೊಡಲೇಬೇಕು.

ಎಷ್ಟಿದ್ದರೆ ಅಪಾಯ? ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟ ಮಿತಿಯಲ್ಲಿ ಲೀಟರಿಗೆ ಆರ್ಸೆನಿಕ್ 10 ಮೈಕ್ರೋಗ್ರಾಂ, ಸೀಸ 10, ಕ್ಯಾಡ್ಮಿಯಂ 3, ಪಾದರಸ 1. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಊರ ಮುಂದೆ ಕಂಬಗಳ ಮೇಲೆ ನಿಂತ 50 ಸಾವಿರ ಲೀಟರಿನ ನೀರಿನ ಟ್ಯಾಂಕು ಇದೆಯೆಂದುಕೊಳ್ಳಿ. ಅದರಲ್ಲಿ ಅರ್ಧ ಗ್ರಾಂ ಆರ್ಸೆನಿಕ್ ಕರಗಿದರೆ ಇಡೀ ಟ್ಯಾಂಕು ಆ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಪಾದರಸವಾದರೆ ಅದರ ಹತ್ತನೇ ಒಂದು ಪಾಲು ಸಾಕು.

ಅಳವಂಡಿಯವರನ್ನು ಹೆದರಿಸುವುದು ಈ ಭಾಷಣದ ಉದ್ದೇಶವಲ್ಲ. ಆದರೆ ಆರ್ಸೆನಿಕ್ ದೂರದ ಬಂಗಾಳದ ಕಥೆ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಹಳ್ಳಿ ಇದೆ. ಕರಾವಳಿಯ ಮಂಗಳೂರಲ್ಲ, ನಮ್ಮ ಕಲ್ಯಾಣ ಕರ್ನಾಟಕದ್ದೇ. ಅಲ್ಲಿ ಹಿಂದೆ ಚಿನ್ನದ ಗಣಿ ಇತ್ತು. ಗಣಿ ನಿಂತುಹೋಯಿತು, ಬಂಡೆಯೊಳಗಿನ ಆರ್ಸೆನಿಕ್ ಅಲ್ಲೇ ಉಳಿಯಿತು. ಹತ್ತಿರದ ಕಿರದಳ್ಳಿ ತಾಂಡಾದ ಜನ ವರ್ಷಗಟ್ಟಲೆ ಕೊಳವೆಬಾವಿಯ ನೀರು ಕುಡಿದರು. ಅಂಗೈ, ಅಂಗಾಲುಗಳಲ್ಲಿ ಗಂಟುಗಂಟಾಗಿ ಚರ್ಮ ದಪ್ಪಗಾಯಿತು. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆಗಳು ಎದ್ದವು. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಅಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಂಗಾಳದ ಆರ್ಸೆನಿಕ್ ಪಿಡುಗನ್ನು ಜಗತ್ತಿಗೆ ಸಾರಿದವರಲ್ಲಿ ಚಕ್ರವರ್ತಿಯವರು ಮುಖ್ಯರು. ತಾಂಡಾದಲ್ಲಿ ಪರೀಕ್ಷಿಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತು ಅವರಿಗೆ ಸಿಕ್ಕಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ತಾಂಡಾದ ನೀರನ್ನು ಮೊದಲು ಪರೀಕ್ಷೆ ಮಾಡಿದ್ದು ಯಂತ್ರವಲ್ಲ, ಅಲ್ಲಿನ ಮನುಷ್ಯರ ಚರ್ಮ. ಫ್ಲೋರೈಡ್ ವಿಷಯದಲ್ಲೂ ಹಾಗೆಯೇ ಆಯಿತು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಹಳದಿಯಾದ ಮೇಲೆ, ದೊಡ್ಡವರ ಮೊಣಕಾಲು ಬಿಗಿದ ಮೇಲೆ ಬೋರಿನ ನೀರಿನ ಮೇಲೆ ಅನುಮಾನ ಬಂತು. ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಪಾದರಸದ ವಿಷವನ್ನು ಮೊದಲು ತೋರಿಸಿಕೊಟ್ಟದ್ದು ಬೆಕ್ಕುಗಳು. ವಿಷದ ಮೀನು ತಿಂದು ಅವು ಕುಣಿಕುಣಿದು ಸತ್ತವು. ಮನುಷ್ಯರಲ್ಲಿ ಆ ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಯಾವುದೋ ಒಂದು ಜೀವ ಬಲಿಯಾಗಿ ನಮಗೆ ಸುದ್ದಿ ಮುಟ್ಟಿಸುವ ಪದ್ಧತಿ ಇದು. ಬಲಿಯಾಗುವ ಆ ಜೀವ ಮಗುವಾಗಬೇಕೇ, ಬೆಕ್ಕಾಗಬೇಕೇ, ಇಲ್ಲವೇ ಒಂದು ಸೀಸೆಯೊಳಗಿನ ಬ್ಯಾಕ್ಟೀರಿಯ ಆದರೆ ಸಾಕೇ ಎಂಬುದು ಇವತ್ತಿನ ವಿಷಯ.

ನಮ್ಮ ನೆಲದ ವಿಚಾರ ಹೇಳಿ ಮುಂದೆ ಹೋಗುತ್ತೇನೆ. ಅಳವಂಡಿಯ ಪಡುವಣಕ್ಕೆ, ಮುಂಡರಗಿಯ ಆಚೆ ಕಪ್ಪತಗುಡ್ಡ ಇದೆ. ಆ ಗುಡ್ಡಸಾಲನ್ನು ಒಳಗೊಂಡ ಗದಗ ಶಿಲಾಪಟ್ಟಿಯಲ್ಲಿ ಚಿನ್ನ ಇದೆ. ಕಳೆದ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಅಗೆದದ್ದೂ ಉಂಟು. ಚಿನ್ನ ಇರುವಲ್ಲಿ ಆರ್ಸೆನೋಪೈರೈಟ್ ಎಂಬ ಖನಿಜ ಜೊತೆಗಿರುವುದು ಸಾಮಾನ್ಯ. ಮೂಡಣಕ್ಕೆ ಕೊಪ್ಪಳ ದಾಟಿದರೆ ಗಿಣಿಗೇರಿ, ಹಿರೇಬಗನಾಳ ಕಡೆ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳು. ಅಲ್ಲಿನವರು ಕಪ್ಪು ಧೂಳಿನ ಬಗ್ಗೆ ದೂರುತ್ತ ಎಷ್ಟೋ ವರ್ಷಗಳಾದವು. ದಕ್ಷಿಣಕ್ಕೆ ಹೋದರೆ ಇನ್ನೊಂದು ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ಕೊಳವೆಬಾವಿ ನೀರು ಪರೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಯುರೇನಿಯಂಗೆ ಇಟ್ಟ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. 57 ಹಳ್ಳಿಗಳ ನೀರು ಅದನ್ನು ದಾಟಿತ್ತು. ಅದಕ್ಕೆ ಯಾವ ಕಾರ್ಖಾನೆಯೂ ಬೇಕಾಗಿರಲಿಲ್ಲ. ಗ್ರಾನೈಟ್ ಬಂಡೆಯೇ ಸಾಕಾಗಿತ್ತು, ಬೋರು ಆಳಕ್ಕಿಳಿದಂತೆ ಬಂಡೆಯ ಸಹವಾಸ ಹೆಚ್ಚಾಯಿತು ಅಷ್ಟೆ.

ಇಂಥ ಸಣ್ಣ ಪ್ರಮಾಣವನ್ನು ಈಗ ಅಳೆಯುವುದು ಹೇಗೆ? ದೊಡ್ಡ ಪ್ರಯೋಗಾಲಯಗಳಲ್ಲಿ ಆರ್ಗಾನ್ ಅನಿಲವನ್ನು ಸಾವಿರಾರು ಡಿಗ್ರಿ ಶಾಖದ ಜ್ವಾಲೆಯಾಗಿಸಿ, ಅದರೊಳಗೆ ನೀರಿನ ತುಂತುರು ಬಿಟ್ಟು, ಒಡೆದ ಪರಮಾಣುಗಳನ್ನು ತೂಕದ ಪ್ರಕಾರ ಎಣಿಸುವ ಯಂತ್ರಗಳಿವೆ. ಲೆಕ್ಕ ಬಹಳ ನಿಖರ. ಬೆಲೆ ಕೋಟಿಯ ಮಾತು. ಹವಾನಿಯಂತ್ರಿತ ಕೋಣೆ, ಕಡಿತವಿಲ್ಲದ ಕರೆಂಟು, ತರಬೇತಾದ ಕೈ, ಎಲ್ಲವೂ ಬೇಕು. ಹಳ್ಳಿಗೆ ಬರುವುದು ಪೆಟ್ಟಿಗೆಯ ಕಿಟ್. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಅದನ್ನು ಬಳಸಲು ಕಲಿಸುವ ಏರ್ಪಾಡಿದೆ. ಒಳ್ಳೆಯ ಕೆಲಸ. ಆದರೆ ಆ ಕಿಟ್ಟಿನಲ್ಲಿ ಸಾಮಾನ್ಯವಾಗಿ ತಿಳಿಯುವುದು ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಇಂಥವು. ಸೀಸ, ಕ್ಯಾಡ್ಮಿಯಂ, ಯುರೇನಿಯಂ ಅದರ ಕಣ್ಣಿಗೆ ಬೀಳುವುದಿಲ್ಲ. ಆರ್ಸೆನಿಕ್ಕಿಗೆ ಬೇರೆ ಕಿಟ್ ಉಂಟು: ನೀರಿಗೆ ಆಮ್ಲ, ಸತುವಿನ ಪುಡಿ ಹಾಕಿ ಆರ್ಸೀನ್ ಎಂಬ ಅನಿಲ ಎಬ್ಬಿಸಿ, ಪಾದರಸದ ಬ್ರೋಮೈಡ್ ಸವರಿದ ಕಾಗದ ಹಳದಿಯಾಗುವುದನ್ನು ನೋಡುವುದು. ಏಳುವ ಅನಿಲ ಆರ್ಸೆನಿಕ್ಕಿಗಿಂತ ವಿಷ, ಎಸೆಯುವ ಕಾಗದದಲ್ಲಿ ಪಾದರಸ. ಒಂದು ವಿಷ ಹುಡುಕಲು ಇನ್ನೆರಡು ವಿಷ ಕೈಗೆ ಕೊಡುವ ಈ ವಿಧಾನವನ್ನು ಊರ ಹೆಣ್ಣುಮಕ್ಕಳ ಕೈಗಿಡಲು ನನಗಂತೂ ಮನಸ್ಸು ಬರುವುದಿಲ್ಲ.

ಇಲ್ಲಿಗೆ ಬರುತ್ತದೆ ಬಯೋಸೆನ್ಸರ್, ಅಂದರೆ ಜೈವಿಕ ಸಂವೇದಕ. ಹೆಸರು ಹೊಸದೆನಿಸಿದರೂ ವಸ್ತು ನಿಮಗೆ ಗೊತ್ತಿರುವುದೇ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಹಚ್ಚಿ ನೋಡುತ್ತಾರಲ್ಲ, ಅದು ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ಬಯೋಸೆನ್ಸರ್. ಆ ಪಟ್ಟಿಯ ಮೇಲೆ ಒಂದು ಕಿಣ್ವ ಕೂತಿರುತ್ತದೆ. ಸಕ್ಕರೆಯನ್ನು ಬಿಟ್ಟು ಬೇರೇನನ್ನೂ ಅದು ಮುಟ್ಟುವುದಿಲ್ಲ. ಮುಟ್ಟಿದ್ದನ್ನು ವಿದ್ಯುತ್ತಾಗಿ ಬದಲಿಸಿ ಅಂಕಿ ತೋರಿಸುವುದು ಯಂತ್ರದ ಕೆಲಸ. ಅಮೆರಿಕದ ಲೇಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಈ ಜೋಡಣೆಯ ದಾರಿ ತೋರಿಸಿದರು. ಜೀವದ ಒಂದು ತುಣುಕು ಗುರುತು ಹಿಡಿಯುವುದು, ಯಂತ್ರ ಅದನ್ನು ಹೊರಗೆ ಹೇಳುವುದು, ಇಷ್ಟೇ ಸೂತ್ರ. ಲೋಹವನ್ನು ಗುರುತು ಹಿಡಿಯುವ ಜೀವದ ತುಣುಕು ಎಲ್ಲಿ ಸಿಗುತ್ತದೆ?

ಮೊದಲು ಬ್ಯಾಕ್ಟೀರಿಯ. ಭೂಮಿ ಹುಟ್ಟಿದ ಕಾಲದಿಂದ ಮಣ್ಣಿನಲ್ಲಿ ಆರ್ಸೆನಿಕ್ ಇದೆ, ಅದರೊಂದಿಗೆ ಬಾಳಲು ಬ್ಯಾಕ್ಟೀರಿಯಗಳು ಕಲಿತಿವೆ. ಒಳಗೆ ಬಂದ ಆರ್ಸೆನಿಕ್ಕನ್ನು ಹೊರಗೆಸೆಯುವ ಒಂದು ಪಂಪು ಅವುಗಳ ಬಳಿ ಇದೆ. ಸುಮ್ಮನೆ ಓಡಿಸಿದರೆ ಶಕ್ತಿ ದಂಡ, ಹಾಗಾಗಿ ಪಂಪಿನ ವಂಶವಾಹಿಯ ಬಾಗಿಲಲ್ಲಿ ಒಂದು ಪ್ರೋಟೀನು ಕಾವಲುಗಾರನಂತೆ ಅಡ್ಡ ಕೂತಿರುತ್ತದೆ. ಆರ್ಸೆನಿಕ್ ಬಂದು ಈ ಕಾವಲುಗಾರನಿಗೆ ಅಂಟಿಕೊಂಡರೆ ಅವನು ಮೈ ತಿರುಚಿ ಬಾಗಿಲು ಬಿಟ್ಟು ಏಳುತ್ತಾನೆ, ಪಂಪು ತಯಾರಾಗುತ್ತದೆ. ವಿಜ್ಞಾನಿಗಳು ಮಾಡಿದ ಉಪಾಯವೆಂದರೆ ಅದೇ ಬಾಗಿಲ ಹಿಂದೆ ಬೆಳಕಿನ ವಂಶವಾಹಿಯನ್ನು ತಂದು ಇಟ್ಟದ್ದು; ಮಿಂಚುಹುಳದಲ್ಲಿ, ಕಡಲಿನ ಕೆಲವು ಬ್ಯಾಕ್ಟೀರಿಯಗಳಲ್ಲಿ ಇರುವಂಥದ್ದು. ಈಗ ಆರ್ಸೆನಿಕ್ ಬಂದರೆ ಬ್ಯಾಕ್ಟೀರಿಯ ಹೊಳೆಯುತ್ತದೆ. ಹೆಚ್ಚು ಬಂದಷ್ಟೂ ಹೆಚ್ಚು ಹೊಳಪು.

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಯಾನ್ ರೂಲೊಫ್ ವಾನ್ ಡೆರ್ ಮೇರ್ ಅವರ ತಂಡ ಇದನ್ನು ಬಹಳ ಮುಂದೆ ಒಯ್ದಿತು. ವಿಯೆಟ್ನಾಮಿನ ಕೊಳವೆಬಾವಿಗಳ 194 ನೀರಿನ ಮಾದರಿಗಳ ಮೇಲೆ ಈ ಬ್ಯಾಕ್ಟೀರಿಯಗಳನ್ನು ಪ್ರಯೋಗಿಸಿದ ಫಲಿತಾಂಶ 2005ರಲ್ಲಿ ಹೊರಬಂತು. ಲೀಟರಿಗೆ 10 ಮೈಕ್ರೋಗ್ರಾಂ ಗಡಿಯಲ್ಲಿ, ವಿಷವಿದ್ದೂ ಇಲ್ಲವೆಂದು ಹೇಳಿದ್ದು ನೂರಕ್ಕೆ ಸುಮಾರು 8. ಇಲ್ಲದೆ ಇದೆಯೆಂದದ್ದು ಇನ್ನೂ ಕಡಿಮೆ. ಪೆಟ್ಟಿಗೆಯ ರಾಸಾಯನಿಕ ಕಿಟ್ಟುಗಳಿಗೆ ಆ ಗಡಿಯಲ್ಲಿ ಇಷ್ಟು ನಂಬಿಕೆ ಇಡುವುದು ಕಷ್ಟ. ಅಲ್ಲಿ ಕಲಿತ ಇನ್ನೊಂದು ಪಾಠ ನಮಗೂ ಬೇಕು. ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ, ಕೊಡದಲ್ಲಿ ಇಟ್ಟ ಸ್ವಲ್ಪ ಹೊತ್ತಿಗೆ ಕೆಂಪು ಗಸಿ ಕೂರುತ್ತದಲ್ಲ, ಆ ಗಸಿಗೆ ಆರ್ಸೆನಿಕ್ ಅಂಟಿಕೊಂಡು ತಳ ಸೇರುತ್ತದೆ. ಮೇಲಿನ ತಿಳಿನೀರಷ್ಟನ್ನೇ ಪರೀಕ್ಷೆಗೆ ಕಳಿಸಿದರೆ ಲೆಕ್ಕ ತಪ್ಪುತ್ತದೆ.

ವಂಶವಾಹಿ ಬದಲಿಸಿದ ಬ್ಯಾಕ್ಟೀರಿಯವನ್ನು ಹಳ್ಳಿಗೆ ತರುವುದೇ ಎಂದು ಕೇಳುವವರಿದ್ದಾರೆ, ಕೇಳಬೇಕು ಕೂಡ. ಅದಕ್ಕೆ ನಮ್ಮ ದೇಶದಲ್ಲಿ 1989ರ ನಿಯಮಗಳ ಕಾವಲಿದೆ. ಸೀಸೆಯೊಳಗೆ ಮುಚ್ಚಿಟ್ಟು, ಬಳಸಿದ ಮೇಲೆ ಕೊಂದು ಎಸೆಯುವುದು ಒಂದು ದಾರಿ. ಅದಕ್ಕಿಂತ ಜಾಣತನದ ದಾರಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಬಂತು. ಜೂಲಿಯಸ್ ಲಕ್ಸ್ ಅವರ ತಂಡ 2020ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಬ್ಯಾಕ್ಟೀರಿಯವೇ ಇಲ್ಲ. ಕಾವಲುಗಾರ ಪ್ರೋಟೀನು, ಸ್ವಲ್ಪ ಡಿಎನ್‌ಎ, ಅದನ್ನು ಓದುವ ಒಂದು ಕಿಣ್ವ, ಇಷ್ಟನ್ನು ಒಣಗಿಸಿ ಪುಟ್ಟ ಕೊಳವೆಯಲ್ಲಿ ಇಡುತ್ತಾರೆ. ಒಂದು ಹನಿ ನೀರು ಬಿಟ್ಟು ಕಾದರೆ, ಲೋಹವಿದ್ದಲ್ಲಿ ಹಸಿರು ಹೊಳಪು. ಸತ್ತದ್ದೂ ಅಲ್ಲ ಬದುಕಿದ್ದೂ ಅಲ್ಲ ಎನ್ನುವಂಥದ್ದು; ಹರಡುವ ಭಯವಿಲ್ಲ.

ಎರಡನೆಯ ದಾರಿ ಡಿಎನ್‌ಎಯದ್ದು. ಡಿಎನ್‌ಎ ಎಂದರೆ ಅಪ್ಪ ಅಮ್ಮನ ಗುಣ ಹೊತ್ತು ತರುವ ದಾರ ಎಂದಷ್ಟೇ ನಾವು ಕೇಳಿದ್ದೇವೆ. ಕೆಲವು ಡಿಎನ್‌ಎ ತುಂಡುಗಳು ಕತ್ತರಿಯ ಕೆಲಸವನ್ನೂ ಮಾಡುತ್ತವೆ, ಅದೂ ಒಂದು ನಿರ್ದಿಷ್ಟ ಲೋಹ ಜೊತೆಗಿದ್ದರೆ ಮಾತ್ರ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಯಿ ಲು 2000ದಲ್ಲಿ ಸೀಸಕ್ಕೆ ಇಂಥ ಸಂವೇದಕ ಮಾಡಿದರು. 2007ರಲ್ಲಿ ಅದೇ ತಂಡ ಯುರೇನಿಯಂಗೆ ಮಾಡಿದ್ದು, 30 ಮೈಕ್ರೋಗ್ರಾಂ ಮಿತಿಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಇದ್ದರೂ ಪ್ರಯೋಗಾಲಯದಲ್ಲಿ ಪತ್ತೆಹಚ್ಚಿತು. ಪೂರ್ವ ಕರ್ನಾಟಕದ ಚಿಕ್ಕಬಳ್ಳಾಪುರ, ಕೋಲಾರದ ಬೋರುಗಳ ಪಕ್ಕ ಇರಬೇಕಾದ ಸಾಧನ ಇದು.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಏಕೆಂದರೆ ಅದು ಮತ್ತೆ ತೊಗರಿಯ ಹತ್ತಿರ ಬರುತ್ತದೆ. ಹೊಲಕ್ಕೆ ಯೂರಿಯಾ ಹಾಕಿದ ಮೇಲೆ ಮೂಗಿಗೆ ಅಮೋನಿಯ ಘಾಟು ಬಡಿಯುವುದು ರೈತರಿಗೆ ಗೊತ್ತು. ಯೂರಿಯಾವನ್ನು ಹಾಗೆ ಒಡೆಯುವುದು ಯೂರಿಯೇಸ್ ಎಂಬ ಕಿಣ್ವ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿದೆ, ದ್ವಿದಳ ಧಾನ್ಯಗಳ ಕಾಳಿನಲ್ಲೂ ಇದೆ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಅವರೆಯಂಥ ಕಾಳಿನಿಂದ ಇದನ್ನು ಹರಳಾಗಿ ತೆಗೆದರು. ಕಿಣ್ವವೊಂದು ಹರಳುಗಟ್ಟಿದ್ದು ಅದೇ ಮೊದಲು. ಆ ಮನುಷ್ಯನಿಗೆ ಹುಡುಗನಾಗಿದ್ದಾಗಲೇ ಒಂದು ಕೈ ಹೋಗಿತ್ತು. ಒಂಟಿ ಕೈಯಲ್ಲಿ ಮಾಡಿದ ಆ ಕೆಲಸಕ್ಕೆ 1946ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ತೊಗರಿ ಕಾಳಿನಿಂದಲೇ ಯೂರಿಯೇಸ್ ಬೇರ್ಪಡಿಸಿ ಅಭ್ಯಾಸ ಮಾಡಿದ್ದಾರೆ.

ಲೋಹಕ್ಕೂ ಇದಕ್ಕೂ ಏನು ಸಂಬಂಧ? ಯೂರಿಯೇಸಿನ ಮೈಯಲ್ಲಿ ಗಂಧಕದ ಕೊಂಡಿಗಳಿವೆ. ಪಾದರಸ ಸಿಕ್ಕರೆ ಅದು ಆ ಕೊಂಡಿಗಳನ್ನು ಕಚ್ಚಿ ಹಿಡಿಯುತ್ತದೆ, ಕಿಣ್ವ ಕೆಲಸ ನಿಲ್ಲಿಸುತ್ತದೆ. ಒಳ್ಳೆಯ ನೀರಿಗೆ ಯೂರಿಯೇಸ್, ಯೂರಿಯಾ ಮತ್ತು ಫೀನಾಲ್ ರೆಡ್ ಎಂಬ ಬಣ್ಣ ಹಾಕಿದರೆ ಅಮೋನಿಯ ಹುಟ್ಟಿ ಹಳದಿ ನೀರು ಗುಲಾಬಿಯಾಗುತ್ತದೆ. ಪಾದರಸವಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ತೋರಿಸಬಹುದಾದ ಸೊಗಸಾದ ತತ್ತ್ವ, ಪಾದರಸ ಮಾತ್ರ ಅವರ ಕೈಗೆ ಕೊಡಬಾರದು. ಆದರೆ ಕೊಪ್ಪಳ ಜಿಲ್ಲೆಯಲ್ಲಿ ಇದಕ್ಕೊಂದು ವಿಘ್ನವಿದೆ. ತಾಮ್ರ, ಬೆಳ್ಳಿ ಬಂದರೂ ಯೂರಿಯೇಸ್ ಮಂಕಾಗುತ್ತದೆ. ಫ್ಲೋರೈಡ್ ಹೆಚ್ಚಿದ್ದರೂ ಮಂಕಾಗುತ್ತದೆ. ಅದು "ಏನೋ ಸರಿಯಿಲ್ಲ" ಎನ್ನುತ್ತದೆ, ಏನು ಎಂಬುದನ್ನು ಹೇಳುವುದಿಲ್ಲ. ಬಣ್ಣ ನೋಡುವ ಸರಳ ವಿಧಾನದಲ್ಲಿ ಪಾದರಸದ 1 ಮೈಕ್ರೋಗ್ರಾಂ ಮಿತಿಯವರೆಗೆ ಇಳಿಯುವುದೂ ಕಷ್ಟ. ಇನ್ನೆಲ್ಲೋ ನಲ್ಲಿ ನೀರಿನಲ್ಲಿ ಗೆದ್ದ ಸಾಧನವನ್ನು ಯಲಬುರ್ಗಾದ ಬೋರಿನ ನೀರಿನಲ್ಲಿ ಮತ್ತೆ ಪರೀಕ್ಷಿಸದೆ ನಂಬುವುದು ತಪ್ಪು.

ಇದೇ ಎಚ್ಚರ ಎಲ್ಲ ಬಯೋಸೆನ್ಸರುಗಳಿಗೂ ಸಲ್ಲುತ್ತದೆ. ಜೀವದ ತುಣುಕಿಗೆ ಬಿಸಿಲು ಆಗದು. ಏಪ್ರಿಲ್, ಮೇನಲ್ಲಿ ನಮ್ಮ ತಗಡಿನ ಮನೆಯೊಳಗೆ ಆ ಪಟ್ಟಿ, ಆ ಸೀಸೆ ಎಷ್ಟು ದಿನ ಬಾಳುತ್ತವೆ? ಸವಳು ನೀರಿನಲ್ಲಿ ಅದರ ಲೆಕ್ಕ ಹೇಗೆ? ಇಂಥ ಪ್ರಶ್ನೆಗಳಿಗೆ ಉತ್ತರ ಲೊಸಾನ್‌ನಲ್ಲಿ ಸಿಗುವುದಿಲ್ಲ, ಇಲ್ಲೇ ಹುಡುಕಬೇಕು. ಈ ಕ್ಷೇತ್ರದಲ್ಲಿ ಪ್ರಬಂಧಗಳು ಸಾವಿರಗಟ್ಟಲೆ ಬಂದಿವೆ. ಪಂಚಾಯಿತಿಯ ಕಪಾಟಿಗೆ ಬಂದ ಸಾಧನ ಮಾತ್ರ ವಿರಳ. ಹೊಸ ತತ್ತ್ವ ಕಂಡುಹಿಡಿದವರಿಗೆ ಸಿಗುವ ಮರ್ಯಾದೆ ಹಳೆಯ ತತ್ತ್ವವನ್ನು 42 ಡಿಗ್ರಿ ಬಿಸಿಲಿನಲ್ಲಿ ನಿಲ್ಲುವಂತೆ ಮಾಡಿದವರಿಗೆ ಸಿಗದಿರುವುದು ಇದಕ್ಕೆ ದೊಡ್ಡ ಕಾರಣವೆಂದು ನನ್ನ ಅನಿಸಿಕೆ. ರಾಯಚೂರು, ಕಲಬುರಗಿ, ಧಾರವಾಡದ ವಿಶ್ವವಿದ್ಯಾಲಯಗಳ ಯುವ ಸಂಶೋಧಕರು ಈ ಕೆಲಸ ಎತ್ತಿಕೊಳ್ಳಬೇಕು. ಕಿರದಳ್ಳಿ ತಾಂಡಾ ಅವರಿಗೆ ದೂರವಿಲ್ಲ.

ಬಯೋಸೆನ್ಸರಿಗೆ ನಾವು ಕೇಳಬೇಕಾದ ಕೆಲಸವೂ ಸಣ್ಣದೇ. ಅಂಕಿ ಸಂಖ್ಯೆಯ ತೀರ್ಪು ಅದರಿಂದ ಬೇಡ. ಊರಿನ ಹತ್ತಾರು ಬೋರುಗಳಲ್ಲಿ ಯಾವುದರ ನೀರನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಬೆರಳು ತೋರಿಸಿದರೆ ಸಾಕು. ಆ ದುಬಾರಿ ಯಂತ್ರದ ಸಮಯ ಉಳಿಯುತ್ತದೆ, ವರದಿಗಾಗಿ ಕಾಯುವುದು ಕಡಿಮೆಯಾಗುತ್ತದೆ.

ಅದು ಬರುವ ತನಕ ಸುಮ್ಮನೆ ಕೂರಬೇಕಿಲ್ಲ. ಕುಡಿಯುವ ನೀರಿನ ಜಿಲ್ಲಾ ಪ್ರಯೋಗಾಲಯಕ್ಕೆ ಸಾರ್ವಜನಿಕರೂ ಮಾದರಿ ಕೊಡಬಹುದು. ಕೊಡುವಾಗ ಬರೀ "ನೀರು ಪರೀಕ್ಷೆ ಮಾಡಿ" ಎನ್ನಬೇಡಿ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಯುರೇನಿಯಂ ನೋಡಬೇಕು ಎಂದು ಹೆಸರು ಹೇಳಿ ಕೇಳಿ. ಅಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆಂದು ಬರಹದಲ್ಲಿ ಕೇಳಿ. ಲೋಹದ ಪರೀಕ್ಷೆಗೆ ನೈಟ್ರಿಕ್ ಆಮ್ಲದ ಹನಿ ಹಾಕಿದ ಬೇರೆ ಸೀಸೆ ಬೇಕು, ಅದನ್ನು ಪ್ರಯೋಗಾಲಯದಿಂದಲೇ ಪಡೆಯಿರಿ, ತೊಳೆಯಬೇಡಿ. ಬೋರನ್ನು ಸ್ವಲ್ಪ ಹೊತ್ತು ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ. ಸೀಸದ ಅನುಮಾನ ಮನೆಯ ನಲ್ಲಿಯ ಮೇಲೇ ಇದ್ದರೆ ಮಾತ್ರ, ರಾತ್ರಿಯಿಡೀ ನಿಂತ ಮೊದಲ ನೀರನ್ನೇ ಹಿಡಿಯಬೇಕು. ಬೋರಿನ ಹೆಸರು, ಆಳ, ತಾರೀಖು ಬರೆದಿಡಿ. ಫಲಿತಾಂಶ ಬಂದ ಮೇಲೆ ಅದು ಕಡತದಲ್ಲಿ ಮಲಗದಂತೆ ಗ್ರಾಮಸಭೆಯಲ್ಲಿ ಓದಿಸಿ, ಪಂಚಾಯಿತಿಯ ಗೋಡೆಗೆ ಹಚ್ಚಿಸಿ.

ಕೊನೆಯದಾಗಿ ಒಂದು ಮಾತು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಆರ್ಸೆನಿಕ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ವರದಿಯಲ್ಲಿ ಮಿತಿ ದಾಟಿದೆ ಎಂದು ಬಂದರೆ ಆ ಬೋರಿನ ನೀರನ್ನು ಬಟ್ಟೆ, ಪಾತ್ರೆ ತೊಳೆಯಲು ಇಟ್ಟುಕೊಳ್ಳಿ, ಕುಡಿಯಲು ಮತ್ತು ಅಡುಗೆಗೆ ಬೇರೆ ನೀರು ಕೊಡಿ ಎಂದು ಪಂಚಾಯಿತಿಗೆ ಅರ್ಜಿ ಬರೆಯಿರಿ.